ಸುಣ್ಣದ ಗೂಡಿನ ತಕರಾರು

ದ್ಯಾಮಮ್ಮನ ಹೆಬ್ಬೆಟ್ಟಿನಲ್ಲಿ ಗೆರೆಗಳಿರಲಿಲ್ಲ. ಇಪ್ಪತ್ತು ವರ್ಷ ಸುಣ್ಣ ಸುಟ್ಟ ಕೈ. ಅಂಗೈ ಬಿರಿದು, ಉಗುರಿನ ಬುಡ ಸದಾ ಹಸಿಯಾಗಿರುತ್ತಿತ್ತು. ಸಾರಿಗೆ ಬೆರಳದ್ದಿದರೆ ಖಾರ ತಾಕಿ ಕಣ್ಣಲ್ಲಿ ನೀರು ಬರುತ್ತಿತ್ತು. ಅದಕ್ಕೇ ಅವಳು ಮುದ್ದೆಯನ್ನು ಬರೀ ಮಜ್ಜಿಗೆಯಲ್ಲಿ ನುಂಗುತ್ತಿದ್ದಳು.

ತರೀಕೆರೆಯಿಂದ ಅಜ್ಜಂಪುರದ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಪೇಟೆ. ರೈಲ್ವೆ ಗೇಟಿನ ಪಕ್ಕ ಹತ್ತು ಗುಂಟೆ ಜಾಗ, ಅದರಲ್ಲಿ ಅವಳ ಸುಣ್ಣದ ಗೂಡು, ಗೂಡಿನ ಮಗ್ಗುಲಿಗೆ ಗುಡಿಸಲು. ಹಳ್ಳದ ಸೇತುವೆ ಕಟ್ಟುವಾಗ ಸುಣ್ಣ ಬೇಕಾಗಿ ಆಗಿನ ಕಂದಾಯದ ಶೇಕದಾರರು ಅವಳ ಮಾವನನ್ನು ಕರೆಸಿ ಅಲ್ಲಿ ಕೂರಿಸಿದ್ದರು. ಬಾಯಿಮಾತಿನಲ್ಲಿ ಕೊಟ್ಟದ್ದು. ಮಾವ ಹೋದ, ಗಂಡನೂ ಹೋದ. ಕಾಗದವೆಂಬುದು ಮೊದಲಿಂದಲೂ ಇರಲಿಲ್ಲ.

ಐವತ್ತೆಂಟನೇ ಇಸವಿಯಲ್ಲಿ ಆ ಪೇಟೆಯಿಂದ ಸರ್ಕಾರಕ್ಕೆ ಎರಡು ಅರ್ಜಿ ಹೋದವು. ಸಾಬರ ಕೇರಿಯವರ ಹಳೇ ಮಸೀದಿಯಲ್ಲಿ ಮೂವತ್ತು ಜನ ನಿಂತರೆ ಮೂವತ್ತೊಂದನೆಯವ ಬೀದಿಯಲ್ಲಿ ನಿಲ್ಲಬೇಕಿತ್ತು. ಕೆಮ್ಮಣ್ಣುಗುಂಡಿಯ ಅದಿರು ಕೆಲಸ ಬಿಟ್ಟು ಇಳಿದು ಬಂದ ನಲವತ್ತು ಕ್ರೈಸ್ತ ಕುಟುಂಬಗಳು ಹುಣಸೆ ಮರದ ಕೆಳಗೆ ಶಿಲುಬೆ ನೆಟ್ಟು ಪ್ರಾರ್ಥನೆ ಮಾಡುತ್ತಿದ್ದವು. ಇಬ್ಬರೂ ಕೇಳಿದ್ದು ಇಷ್ಟಗಲ ಜಾಗ.

ಪೇಟೆಯ ಕಂದಾಯ ಕಚೇರಿಯ ಗುಮಾಸ್ತ ಬೆಳಿಗ್ಗೆ ಮಸೀದಿಗೆಂದು ಒಂದು ಸರ್ವೆ ನಂಬರು ಗುರುತು ಮಾಡಿದ. ಊಟ ಮಾಡಿ ಬಂದು ಚರ್ಚಿಗೆಂದು ಅದೇ ನಂಬರನ್ನು ಇನ್ನೊಂದು ಕಾಗದದಲ್ಲಿ ಬರೆದ. ಅದು ದ್ಯಾಮಮ್ಮನ ಹತ್ತು ಗುಂಟೆ. ಆ ಜಾಗಕ್ಕೆ ಹೊಂದಿಕೊಂಡಂತೆಯೇ ಬಸವರಾಜಪ್ಪನ ಅಕ್ಕಿ ಗಿರಣಿ. ಗಿರಣಿಗೆ ಭತ್ತ ಒಣಗಿಸುವ ಕಣ ಸಾಲುತ್ತಿಲ್ಲವೆಂದು ಬಸವರಾಜಪ್ಪ ಎರಡು ವರ್ಷದಿಂದ ಹೇಳುತ್ತಲೇ ಇದ್ದ. ಗುಮಾಸ್ತನ ಮಧ್ಯಾಹ್ನದ ಊಟ ಅವನ ಮನೆಯಲ್ಲೇ ಆಗುತ್ತಿತ್ತು.

ಸುದ್ದಿ ತಿಳಿದ ದಿನವೇ ಜಟಕಾ ಹೊಡೆಯುವ ಬುಡೇನ್ ಸಾಬ್ ದ್ಯಾಮಮ್ಮನ ಗುಡಿಸಲಿಗೆ ಬಂದ. ಅವನ ಹಿಂದೆಯೇ ಗಾರೆ ಮೇಸ್ತ್ರಿ ಅರುಳಪ್ಪ ಬಂದ. ಇಬ್ಬರೂ ತಮ್ಮ ತಮ್ಮ ಕಡೆಯ ಅರ್ಜಿಗೆ ಮೊದಲ ಸಹಿ ಹಾಕಿದವರು. ದ್ಯಾಮಮ್ಮ ಗೂಡಿಗೆ ಸೌದೆ ಒಟ್ಟುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನಿನ್ನ ಒಲೆ ಆರಿಸಿ ನಾವ್ ನಮಾಜ್ ಮಾಡಾಕಾಗ್ತದಾ ದ್ಯಾಮಕ್ಕ?" ಎಂದ ಬುಡೇನ್ ಸಾಬ್.

ಅರುಳಪ್ಪ ಬೇರೆ ಲೆಕ್ಕ ಹೇಳಿದ. ಸುತ್ತ ಹತ್ತು ಮೈಲಿಯಲ್ಲಿ ಸುಣ್ಣ ಸುಡುವುದು ಇದೊಂದೇ ಗೂಡು. ಇದನ್ನು ಕೆಡವಿದರೆ ಮಸೀದಿಗೂ ಗಾರೆ ಇಲ್ಲ, ಚರ್ಚಿಗೂ ಇಲ್ಲ. ಮೂವರೂ ಕಲ್ಲಿನ ರಾಶಿಯ ಮೇಲೆ ಕೂತರು. ಕೆರೆ ಏರಿಯ ಕೆಳಗಿನ ಖರಾಬು ಜಮೀನು ಮಸೀದಿಗೆ, ಗೇಟಿನಾಚೆಯ ದಿಬ್ಬ ಚರ್ಚಿಗೆ ಎಂದು ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು.

ಮಾರನೇ ದಿನ ಮೂವರೂ ಕಚೇರಿಗೆ ಹೋದರು. ಗುಮಾಸ್ತ ಕಡತ ತೆಗೆದು ಅದರ ಮೇಲಿನ ಅಕ್ಷರ ತೋರಿಸಿದ. 'ತಕರಾರು' ಎಂದು ಬರೆದಿತ್ತು. ಒಂದನೇ ಪಾರ್ಟಿ ಮಸೀದಿಯವರು, ಎರಡನೇ ಪಾರ್ಟಿ ಚರ್ಚಿನವರು. ತಕರಾರು ಇಲ್ಲವೆಂದು ಬುಡೇನ್ ಸಾಬ್ ಹೇಳಿದರೆ, ಹಾಗೆ ಬರೆಯಲು ಕಾಲಂ ಇಲ್ಲ ಎಂದ ಗುಮಾಸ್ತ.

"ರಾಜಿ ಆದ್ರೆ ಬರೀಬೋದು. ಆದ್ರೆ ಜಗಳ ಆಗ್ದೆ ರಾಜಿ ಹೆಂಗ್ರೀ ಆಗುತ್ತೆ? ಯಾವತ್ತು ಜಗಳ ಆಡಿದ್ರಿ, ಹೇಳಿ."

ಅವರು ವರಾಂಡಕ್ಕೆ ಬಂದು ಪಿಸುಪಿಸು ಮಾತಾಡಿದರು. ಒಂದು ಸುಳ್ಳಿನಿಂದ ಗೂಡು ಉಳಿಯುವುದಾದರೆ ಹೇಳಿಬಿಡೋಣವೆಂದು ಅರುಳಪ್ಪನೇ ಅಂದ. ಒಳಗೆ ಹೋಗಿ ಹೋದ ಮಂಗಳವಾರ ಎಂದರು. ಬೈದಾಡಿದಿರಾ, ಹೊಡೆದಾಡಿದಿರಾ ಎಂದು ಗುಮಾಸ್ತ ಕೇಳಿದ. ಬುಡೇನ್ ಸಾಬ್ ಯೋಚಿಸಿ, ಸ್ವಲ್ಪ ತಳ್ಳಾಟ ಆಯಿತೆಂದ. ಇಬ್ಬರ ಸಹಿಯೂ ಬಿತ್ತು.

ದ್ಯಾಮಮ್ಮನೂ ತನ್ನದೊಂದು ಅರ್ಜಿ ಬರೆಸಿಕೊಂಡು ಬಂದಿದ್ದಳು. ಹೆಬ್ಬೆಟ್ಟು ಒತ್ತಿದಳು, ಬರೀ ಮಸಿಯ ಬೊಟ್ಟು ಮೂಡಿತು. ಎಡಗೈದು ಒತ್ತಿದಳು, ಅದೂ ಹಾಗೇ. ಇದು ಯಾರ ಗುರುತೂ ಅಲ್ಲ ಎಂದು ಗುಮಾಸ್ತ ಕಾಗದ ವಾಪಸು ಕೊಟ್ಟ. ಈ ತಕರಾರಿನಲ್ಲಿ ನೀನು ಯಾವ ಪಾರ್ಟಿಯೂ ಅಲ್ಲವಲ್ಲಮ್ಮ, ನಿನಗ್ಯಾಕೆ ಬಿಸಿಲಲ್ಲಿ ಓಡಾಟ ಎಂದು ಕನಿಕರವನ್ನೂ ತೋರಿಸಿದ.

ಮೂರನೇ ದಿನ ಹುಕುಂ ಬಂತು. ಎರಡೂ ಪಾರ್ಟಿಯವರು ತಳ್ಳಾಡಿಕೊಂಡಿದ್ದನ್ನು ತಾವೇ ಒಪ್ಪಿರುವುದರಿಂದ ಶಾಂತಿಭಂಗದ ಭಯವಿದೆ, ಆ ಜಾಗಕ್ಕೆ ಯಾರೂ ಕಾಲಿಡಕೂಡದು. ಕಾವಲಿಗೆ ಪೇದೆ ಈರಭದ್ರಪ್ಪ ಬಂದು ಗೇಟಿನ ಬಳಿ ಸ್ಟೂಲು ಹಾಕಿಕೊಂಡ. ಒಳ್ಳೆಯ ಮನುಷ್ಯ. ಗುಡಿಸಲಿನಿಂದ ಮಡಕೆ, ಚಾಪೆ ತಾನೇ ಹೊತ್ತು ತಂದು ರಸ್ತೆಯಲ್ಲಿಟ್ಟ. ಗೂಡಿನಲ್ಲಿ ಬೆಂದ ಸುಣ್ಣವಿದೆ, ಮಳೆ ಬಂದರೆ ಹಾಳಾಗುತ್ತದೆ, ಒಂದು ತಗಡು ಮುಚ್ಚಿ ಬರುತ್ತೇನೆಂದು ದ್ಯಾಮಮ್ಮ ಬೇಡಿದಳು. ತನ್ನ ಕೆಲಸ ಹೋಗುತ್ತದೆಂದು ಅವನೂ ಬೇಡಿಕೊಂಡ.

ಎರಡು ದಿನಕ್ಕೆ ಮಳೆ ಹೊಯ್ಯಿತು. ನೀರು ಬಿದ್ದ ಸುಣ್ಣ ಗೂಡಿನೊಳಗೇ ಕುದ್ದು ಅರಳಿತು, ಗೂಡು ನಡುಮಧ್ಯಕ್ಕೆ ಬಿರಿಯಿತು. ಹಾಲಿನಂಥ ನೀರು ಮೋರಿಯಲ್ಲಿ ಹರಿದು ಹೋಯಿತು. ದ್ಯಾಮಮ್ಮ ಅರುಳಪ್ಪನ ಜಗಲಿಯ ಮೇಲೆ ನಿಂತು ನೋಡುತ್ತಿದ್ದಳು. ಅಳಲಿಲ್ಲ. 

ಮಳೆಗಾಲ ಕಳೆದ ಮೇಲೆ ಇನ್ನೊಂದು ಹುಕುಂ ಬಂತು. ತಕರಾರು ತೀರುವ ತನಕ ಜಾಗವನ್ನು ಯಾವ ಪಾರ್ಟಿಗೂ ಸೇರದ ಒಬ್ಬ ಮರ್ಯಾದಸ್ಥರ ಸುಪರ್ದಿಗೆ ಕೊಡಲಾಗಿದೆ. ಆ ಮರ್ಯಾದಸ್ಥ ಬಸವರಾಜಪ್ಪ. ಸುಪರ್ದಿಗೆ ಬಂದ ಜಾಗವನ್ನು ಚೊಕ್ಕಟವಾಗಿ ಇಡಬೇಕಲ್ಲ ಎಂದು ಅವನು ಗೂಡನ್ನೂ ಗುಡಿಸಲನ್ನೂ ಕೆಡವಿಸಿದ, ನೆಲ ಮಟ್ಟಸ ಮಾಡಿಸಿ ಸಗಣಿ ಸಾರಿಸಿದ. ಭತ್ತ ಹರವಿದ.

ಆ ಸಂಜೆ ದ್ಯಾಮಮ್ಮ ಮೊದಲು ಸಾಬರ ಕೇರಿಗೆ ಹೋದಳು, ಆಮೇಲೆ ಹುಣಸೆ ಮರದ ಹತ್ತಿರ ಹೋದಳು. ಎರಡೂ ಕಡೆ ಒಂದೇ ಮಾತು ಹೇಳಿದಳು.

"ನೀವು ಆಡದ ಜಗಳಕ್ಕೆ ನನ್ನ ಮನೆ ಹೋಯ್ತು. ನಾಳೆ ಕಲ್ಲು ಹೊರ್ತೀನಿ. ಬರೋರು ಬನ್ನಿ."

ಬೆಳಿಗ್ಗೆ ನೂರಕ್ಕೆ ಮೇಲೆ ಜನ ಸೇರಿದರು. ಭತ್ತವನ್ನು ಒಂದು ಕಾಳು ಚೆಲ್ಲದಂತೆ ಚೀಲಕ್ಕೆ ತುಂಬಿ ಗಿರಣಿಯ ಬಾಗಿಲಿಗೆ ಒರಗಿಸಿದರು. ಬುಡೇನ್ ಸಾಬನ ಹೆಂಡತಿ ಮಣ್ಣು ಕಲಸಿದಳು, ಅರುಳಪ್ಪ ಗೂಡಿಗೆ ತಳಪಾಯದ ಕಲ್ಲಿಟ್ಟ. ಈರಭದ್ರಪ್ಪ ಓಡಿ ಬಂದು ಹುಕುಂ ಓದಿದ. ಎರಡೂ ಪಾರ್ಟಿಯವರು ಜಗಳ ಆಡುತ್ತಿದ್ದೀರಾ ಎಂದು ಕೇಳಿದ. ಇಲ್ಲ ಎಂದರು. ಅವನು ಹುಕುಂ ಮಡಚಿ ಜೇಬಿಗಿಟ್ಟ. ಸ್ಟೂಲಿನ ಮೇಲೆ ಕೂತ.

ಆಗ ಬಸವರಾಜಪ್ಪ ಬಂದ. ಬಾಯಿಗೆ ಬಂದಂತೆ ಬೈದ. ಅರುಳಪ್ಪನ ಕೈಯ ಕರಣೆ ಕಿತ್ತು ಎಸೆದ. ಅಡ್ಡ ಬಂದ ದ್ಯಾಮಮ್ಮನನ್ನು ತಳ್ಳಿದ. ಅವಳು ಬಿದ್ದವಳು ಎದ್ದಳು, ಸೆರಗು ಕೊಡವಿಕೊಂಡು ಪೇದೆಯ ಮುಂದೆ ನಿಂತಳು.

"ಈಗ ಆಯ್ತಲ್ಲಪ್ಪ ತಳ್ಳಾಟ. ನೀನೇ ಕಣ್ಣಾರೆ ನೋಡ್ದೆ. ಬರ್ಕೋ."

ಈರಭದ್ರಪ್ಪ ಬಸವರಾಜಪ್ಪನನ್ನು ನೋಡಿದ, ಸುತ್ತ ನಿಂತ ನೂರು ಜನರನ್ನು ನೋಡಿದ. ಜೇಬಿನಿಂದ ಪುಸ್ತಕ ತೆಗೆದು ಪೆನ್ಸಿಲಿನ ತುದಿಗೆ ನಾಲಿಗೆ ತಾಗಿಸಿದ. ಒಂದನೇ ಪಾರ್ಟಿ ಬಸವರಾಜಪ್ಪ ಎಂದು ಬರೆದ. ಎರಡನೇ ಪಾರ್ಟಿಯ ಪೂರ್ತಿ ಹೆಸರು ಕೇಳಿದ.

ತಾನೇ ಪಾರ್ಟಿಯಾದ ಬಸವರಾಜಪ್ಪನಿಗೆ ಸುಪರ್ದಿ ಉಳಿಯಲಿಲ್ಲ. ಆ ಕೇಸು ಇತ್ಯರ್ಥವಾಗಲಿಲ್ಲ. ವಾಯಿದೆಯ ಮೇಲೆ ವಾಯಿದೆ. ಕೆರೆ ಏರಿಯ ಜಾಗವೂ ಗೇಟಿನಾಚೆಯ ದಿಬ್ಬವೂ ಇನ್ನೂ ಮಂಜೂರಾಗಿಲ್ಲ, ಅವುಗಳ ಮೇಲೆ ಯಾರ ತಕರಾರೂ ಇಲ್ಲದ್ದರಿಂದ ಕಡತವೇ ತೆರೆದಿಲ್ಲವಂತೆ. ಪ್ರತಿ ವಾಯಿದೆಗೂ ಎರಡೂ ಕೇರಿಯವರು ಕೂಲಿ ಬಿಟ್ಟು ದ್ಯಾಮಮ್ಮನ ಜೊತೆ ನಡೆದು ಹೋಗುತ್ತಾರೆ. ಬೆಂಚು ಸಾಲದೆ ವರಾಂಡದ ತುಂಬ ನಿಲ್ಲುತ್ತಾರೆ. ಜವಾನ ಹೊರಗೆ ಬಂದು, ಎರಡನೇ ಪಾರ್ಟಿ ಸುಣ್ಣಗಾರ ದ್ಯಾಮಮ್ಮ ಇದ್ದಾಳಾ ಎಂದು ಕೂಗುತ್ತಾನೆ.

"ಇದ್ದೀನಿ ಕಣಪ್ಪ," ಎನ್ನುತ್ತಾಳೆ ಅವಳು. "ಎಲ್ಲೂ ಹೋಗಿಲ್ಲ."