ಅವನತಿಗೆ ನಾಲ್ಕು ಕಾರಣಗಳು

ಒಂಬತ್ತನೇ ಕ್ಲಾಸಿನ ಸಮಾಜ ವಿಜ್ಞಾನ ಪುಸ್ತಕದಲ್ಲಿ ಬೌದ್ಧ ಧರ್ಮ ಒಂದೂವರೆ ಪುಟದೊಳಗೆ ಹುಟ್ಟಿ, ಬೆಳೆದು, ಅವನತಿ ಹೊಂದಿಬಿಟ್ಟಿತ್ತು. ಅವನತಿಗೆ ನಾಲ್ಕು ಕಾರಣ, ನಾಲ್ಕು ಅಂಕ. ಬೆಂಗಳೂರಿನ ಶ್ರೀನಗರದ ಅರ್ಪಿತಳ ಮನೆಯವರು ಮಾತ್ರ ಈ ಸುದ್ದಿಯೇ ತಿಳಿಯದೆ, ಅಜ್ಜಿಯ ಕಾಲದಿಂದ ಬೆಳಿಗ್ಗೆ ಎದ್ದು ಬುದ್ಧವಂದನೆ ಮಾಡಿಕೊಂಡು ಆರಾಮವಾಗಿದ್ದರು.

"ಹಂಗಾದ್ರೆ ನಿಮ್ದು ಕ್ಲೋಸ್ ಆಗೋಯ್ತೇನೇ?" ಎಂದು ಪಕ್ಕದ ಬೆಂಚಿನ ಮನೋಜ್ ಕೇಳಿದ. ಕೊಂಕಿಗಲ್ಲ, ನಿಜಕ್ಕೂ ತಿಳಿಯದೆ. ಅರ್ಪಿತಳಿಗೆ ಅದೇ ಹೆಚ್ಚು ಉರಿಯಿತು.

"ಮಿಸ್, ನಾವಿನ್ನೂ ಇದೀವಲ್ಲ?" ಎಂದು ಎದ್ದು ನಿಂತಳು.

ಬಾಗಲಕೋಟೆ ಕಡೆಯಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದ ದಾನಮ್ಮ ಟೀಚರ್ ಪುಸ್ತಕ ತಿರುವಿ ನೋಡಿದರು. "ಇದ್ದೀರಿ ಖರೆ, ಆದ್ರ ಈ ಪುಸ್ತಕದಾಗ ಇಲ್ಲ ನೋಡವಾ. ನಿಮ್ಮ ಹಿರ್ಯಾರ ಕಡಿಂದ ಒಂದ್ ಕಾಗದ ಬರಿಸ್ಕೊಂಡ್ ಬಾ. ಸೋಮವಾರ ಕ್ಲಾಸಿನ್ಯಾಗ ಓದಿಸ್ತೀನಿ."

ಅಪ್ಪ ರವಿಕುಮಾರ್ ಬಡಾವಣೆಯ ಬುದ್ಧವಿಹಾರದ ಕಾರ್ಯದರ್ಶಿ. ಭಾನುವಾರ ತುರ್ತು ಸಭೆ ಕರೆದೇಬಿಟ್ಟರು. "ನಾವು ಇಲ್ಲೇ ಇದ್ದೇವೆ" ಎಂಬ ಕಾಗದದ ಮೊದಲ ಸಾಲಿಗೇ ಚಪ್ಪಾಳೆ ಬಿತ್ತು. ಆಮೇಲೆ ಸಹಿ ಹಾಕುವ ಹೊತ್ತು ಬಂತು. ಮೊದಲ ಹೆಸರು ಯಾರದು?

"ಅಧ್ಯಕ್ಷ ನಾನು," ಎಂದರು ಪಿಳ್ಳಪ್ಪ.

"ನಿಮ್ ಅವಧಿ ಹೋದ ತಿಂಗಳೇ ಮುಗೀತಲ್ಲ ಸಾರ್," ಎಂದರು ಅಪ್ಪ.

"ಇಲ್ಲಿ ಮೊದ್ಲು ದೀಕ್ಷೆ ತಗೊಂಡಿದ್ದು ನಾನು. ಆಗ ಇಬ್ರೂ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ರಿ!" ಎಂದು ಅಜ್ಜಿ ಈಶ್ವರಮ್ಮ ಗುಡುಗಿದ್ದೇ ತಡ, ವಿಹಾರ ಹೊತ್ತಿಕೊಂಡಿತು. ಧ್ಯಾನದ ಚಾಪೆಗಳ ಮೇಲೆ ನಿಂತು ಎಲ್ಲರೂ ಕೂಗಾಡಿದರು. ಪಿಳ್ಳಪ್ಪ ಕಾಗದ ಮಡಚಿ ಜೇಬಿಗಿಟ್ಟುಕೊಂಡು ನಡೆದೇಬಿಟ್ಟರು. ಬುದ್ಧ ಮಾತ್ರ ಕಣ್ಣು ಮುಚ್ಚಿ ಕುಳಿತಿದ್ದ; ಅವನಿಗೆ ಇದೇನೂ ಹೊಸದಲ್ಲ.

ಮೂಲೆಯಲ್ಲಿ ಕುಳಿತಿದ್ದ ಅರ್ಪಿತ ಪುಸ್ತಕ ತೆರೆದಳು. ಕಾರಣ ಮೂರು: ಸಂಘದೊಳಗಿನ ಜಗಳ. ಅವಳಿಗೆ ಅಳುವೇ ಬಂತು. ಇವರು ಪುಸ್ತಕವನ್ನೇ ನಿಜ ಮಾಡುತ್ತಿದ್ದಾರಲ್ಲ!

ಸೋಮವಾರ ದಾನಮ್ಮ ಟೀಚರ್ ಕೈ ಚಾಚಿದರು. "ಎಲ್ಲೈತವಾ ಕಾಗದ?"

ಅಜ್ಜಿಗೆ ಹುಷಾರಿಲ್ಲ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮನೋಜ್ ಅಯ್ಯೋ ಪಾಪ ಎನ್ನುವ ಮುಖ ಮಾಡಿದ. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಕಾಗದ ಇಲ್ಲ ಮಿಸ್. ಯಾರ್ ಹೆಸ್ರು ಮೇಲಿರ್ಬೇಕು ಅಂತ ಎರಡು ಗಂಟೆ ಜಗಳ ಆಡಿದ್ರು. ಕೂಗಿ ಕೂಗಿ ನಮ್ಮಜ್ಜಿ ಗಂಟಲು ಕಟ್ಟೋಗಿದೆ. ಇಲ್ದೇ ಇರೋರು ಹಿಂಗೆ ಜಗಳ ಆಡ್ತಾರಾ ಮಿಸ್?"

ಕ್ಲಾಸು ಗೊಳ್ಳೆಂದಿತು. ದಾನಮ್ಮ ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಮ್ಮೂರ ಗುಡಿ ಕಮಿಟಿನೂ ಹಿಂಗ ಐತವಾ!"

"ಲಾಸ್ಟಿಗೆ ಗೆದ್ದಿದ್ದು ಯಾರು?" ಎಂದು ಮನೋಜ್ ಆಸೆಯಿಂದ ಕೇಳಿದ.

"ಯಾರೂ ಇಲ್ಲ," ಎಂದಳು ಅರ್ಪಿತ, ತಲೆಯೆತ್ತಿ. "ಮುಂದಿನ್ ಭಾನುವಾರ ಮತ್ತೆ ಮೀಟಿಂಗ್ ಇದೆ."