ಏಳನೆಯ ಸಾಲು

ಅತ್ತೆ, ಸತ್ತು ಮಲಗಿದ ತಮ್ಮನ ರೆಪ್ಪೆಗಳನ್ನು ಒತ್ತಿ ಮುಚ್ಚಿದಳು. ಬೆರಳು ತೆಗೆದೊಡನೆ ಅವು ಮತ್ತೆ ಅರೆತೆರೆದವು. ಕಣ್ಣಿನ ಬಿಳಿಯೆಲ್ಲ ಹಳದಿ.

"ಲಿವರ್ ಪೂರಾ ಹೋಗಿತ್ತಂತೆ," ಪಕ್ಕದ ಮನೆಯವಳು ಪಿಸುಗುಟ್ಟಿದಳು. "ಕುಡೀತಿದ್ರಾ?"

"ಒಂದು ದಿನವೂ ಮುಟ್ಟಿದವನಲ್ಲ," ಅಂದಳು ಅತ್ತೆ.

"ಬೆಕ್ಕು ಕಣ್ಣು ಮುಚ್ಕೊಂಡೇ ಹಾಲು ಕುಡಿಯೋದು, ಬಿಡಿ."

ಗೋಡೆಗೊರಗಿ ಕೂತಿದ್ದ ಸತ್ತವನ ಮಗಳಿಗೆ ಕೇಳಿಸಿತು. ನಾಲ್ಕು ತಿಂಗಳಿಂದ ಅಪ್ಪನೊಡನೆ ಮಾತು ಬಿಟ್ಟವಳು, ಇವತ್ತು ಯಾವ ಬಾಯಲ್ಲಿ ಅವನ ಪರ ವಹಿಸಿಯಾಳು?

*

ಅಪ್ಪ ಔಷಧ ಸಂಶೋಧನಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದ. ಕರುಳು ಹುಣ್ಣಾಗಿಸಿದ ಇಲಿಗಳಿಗೆ ಗಿಡಮೂಲಿಕೆಯ ಸಾರ ಕುಡಿಸುವುದು, ದಿನವೂ ತೂಗುವುದು, ಹಿಕ್ಕೆಯಲ್ಲಿ ರಕ್ತವಿದೆಯೇ ಎಂದು ನೋಡಿ ಬರೆಯುವುದು. ಮಗಳದೂ ಅದೇ ಕಾಯಿಲೆ. ದಿನಕ್ಕೆ ಹತ್ತು ಸಲ ಹೊಟ್ಟೆ ಹಿಡಿದು ಓಡುತ್ತಿದ್ದಳು. ಯಾವ ಮಾತ್ರೆಗೂ ರಕ್ತ ನಿಂತಿರಲಿಲ್ಲ. ಒಂದು ಬೇರಿನ ಪುಡಿಗೆ ಇಲಿಗಳ ರಕ್ತ ನಿಂತಿತೆಂದು ಅಪ್ಪನೇ ಊಟದ ಹೊತ್ತಿನಲ್ಲಿ ಬಾಯಿಬಿಟ್ಟಿದ್ದ.

"ನನಗೂ ಒಂದು ಚಿಟಿಕೆ ತಂದ್ಕೊಡಪ್ಪ."

"ಇಲಿಗೆ ಒಗ್ಗಿದ್ದು ಮನುಷ್ಯರಿಗೂ ಒಗ್ಗುತ್ತೆ ಅಂತ ಹೇಗೆ ಹೇಳ್ಲಿ ಮಗಳೇ? ಇನ್ನೂ ಯಾರೂ ತಿಂದು ನೋಡಿಲ್ಲ."

"ನಾನು ಸತ್ತ ಮೇಲೆ ನೋಡ್ತಾರಾ? ನಿನಗೆ ಹೆತ್ತ ಮಗಳಿಗಿಂತ ಆ ಇಲಿಗಳೇ ಹೆಚ್ಚು."

ಅಪ್ಪ ತಟ್ಟೆ ಹಾಗೇ ಬಿಟ್ಟು ಎದ್ದಿದ್ದ. ಅವಳು ಅವನಿಗೆ ಆಡಿದ ಕೊನೆಯ ಮಾತು ಅದು.

*

ಸಂಶೋಧನಾಲಯದ ಡಾಕ್ಟರಮ್ಮ ಬಂದವಳು, ಮಗಳನ್ನು ಅಡುಗೆಮನೆಗೆ ಕರೆದು ಒಂದು ನೋಟ್‌ಬುಕ್ ಕೊಟ್ಟಳು.

"ನಿಮ್ಮಪ್ಪನ ಡ್ರಾಯರ್‌ನಲ್ಲಿತ್ತು. ಬೋನಲ್ಲಿದ್ದಿದ್ದು ಆರೇ ಇಲಿ. ಏಳನೇ ಸಾಲು ನೋಡು."

ಆರು ಸಾಲುಗಳಲ್ಲಿ ಗ್ರಾಂ ಲೆಕ್ಕ. ಏಳನೆಯದರಲ್ಲಿ ಅರವತ್ತೆರಡು ಕಿಲೋ. ಪುಟ ತಿರುವಿದಂತೆ ಅರವತ್ತು, ಐವತ್ತೇಳು. ಪಕ್ಕದಲ್ಲಿ ಅಪ್ಪನ ದುಂಡಕ್ಷರ: ಹತ್ತನೇ ದಿನ, ತೊಂದರೆಯಿಲ್ಲ. ಮೂವತ್ತನೇ ದಿನ, ಊಟ ಸೇರುತ್ತಿಲ್ಲ. ಐವತ್ತನೇ ದಿನ, ಕಣ್ಣು ಹಳದಿ. ಮಗಳಿಗೆ ಬೇಡ.

"ಅಪ್ಪ ಇದನ್ನ ಆಸ್ಪತ್ರೇಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ಯಾರಿಗೋಸ್ಕರ ತಿಂದೆ ಅಂತ ಕೇಳ್ತಿದ್ರಲ್ಲಮ್ಮ." ಡಾಕ್ಟರಮ್ಮ ಮೇಲಿನ ಆರು ಸಾಲುಗಳ ಮೇಲೆ ಬೆರಳಿಟ್ಟಳು. "ಇಲಿಗಳಿಗೆ ಏನೂ ಆಗಿರಲಿಲ್ಲ. ಮುಂದಿನ ತಿಂಗಳು ಜನರಿಗೆ ಕೊಟ್ಟು ನೋಡೋರಿದ್ವಿ. ಇದನ್ನ ಮೇಲಿನೋರಿಗೆ ತೋರಿಸಿದ್ರೆ ಆ ಪ್ರಯೋಗ ನಿಲ್ಲುತ್ತೆ. ಆದ್ರೆ ಪುಡಿ ಕದ್ದೋರು ಅಂತ ನಿಮ್ಮಪ್ಪನ ಹೆಸರು ಕೆಡುತ್ತೆ. ನಿನ್ನ ಕೇಳದೆ ತೋರಿಸೋಕೆ ಮನಸ್ಸು ಬರ್ಲಿಲ್ಲ."

ಹೊಟ್ಟೆಯೊಳಗೆ ಮತ್ತೆ ಹಿಂಡಿತು. ಅವಳು ಕಟ್ಟೆಯನ್ನು ಹಿಡಿದು ನಿಂತಳು.

"ತೋರಿಸಿ. ನಾನು ಕೇಳಿದ್ದಕ್ಕೇ ತಿಂದ ಅನ್ನೋದನ್ನೂ ಹೇಳಿ."

ನೋಟ್‌ಬುಕ್ ಚಾಚಿದಳು. ಡಾಕ್ಟರಮ್ಮ ಅದರ ಇನ್ನೊಂದು ಅಂಚು ಹಿಡಿದಳು. ಮಗಳ ಬೆರಳುಗಳು ಸಡಿಲಲಿಲ್ಲ. ಡಾಕ್ಟರಮ್ಮ ಎಳೆಯಲೂ ಇಲ್ಲ. ನಡುಮನೆಯಲ್ಲಿ ಯಾರೋ "ಎತ್ತೋಣ" ಎಂದರು. ಹೆಜ್ಜೆಗಳು ಬಾಗಿಲು ದಾಟಿ ಬೀದಿಗಿಳಿಯುವವರೆಗೂ ಇಬ್ಬರೂ ಹಾಗೆಯೇ, ಪುಸ್ತಕದ ಒಂದೊಂದು ತುದಿ ಹಿಡಿದು ನಿಂತಿದ್ದರು.