ಡಬ್ಬಿಯ ಹಿಂದೆ ಅಪ್ಪನ ಕಾರು

ಪಕ್ಕದ ಮನೆಯ ಶರಣ ಐದನೇ ಸಲ ಕೀಲಿ ತಿರುಗಿಸಿದ. ಅರವತ್ತನಾಲ್ಕನೇ ಇಸವಿಯ ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಹಿಂದಿನ ಸೀಟಿನಲ್ಲಿ ಚನ್ನಬಸಪ್ಪ ವಿಭೂತಿ ಧರಿಸಿ, ಹಳದಿ ಪೇಟ ಸುತ್ತಿಕೊಂಡು ನೆಟ್ಟಗೆ ಕೂತಿದ್ದರು. ಸತ್ತವರನ್ನು ಕೂರಿಸಿಯೇ ಕಳಿಸುವುದು ಅವರ ಮನೆಯ ಪದ್ಧತಿ. ಶಿರಸಿಯಿಂದ ಬನವಾಸಿ ರಸ್ತೆಯ ಹೊಲಕ್ಕೆ ತಮ್ಮನ್ನು ತಮ್ಮ ಕಾರಿನಲ್ಲೇ ಒಯ್ಯಬೇಕೆಂದು ಮಗಳು ದಾಕ್ಷಾಯಿಣಿಯಿಂದ ಅವರು ಮಾತು ತೆಗೆದುಕೊಂಡಿದ್ದರು. ಆಮೇಲೆ ಒಂದು ತಿಂಗಳು ಹಾಸಿಗೆ ಹಿಡಿದರು. ಕಾರೂ ಅಷ್ಟು ದಿನ ನಿಂತಲ್ಲೇ ನಿಂತಿತ್ತು.

ಹಿರಿಯರು ಟ್ರ್ಯಾಕ್ಟರ್ ತರಿಸೋಣವೆಂದರು. ದಾಕ್ಷಾಯಿಣಿ ಸುತಾರಾಂ ಒಪ್ಪಲಿಲ್ಲ. ಅವಳ ಪುಟ್ಟ ಬಿಳಿ ಕಾರು ಪಕ್ಕದಲ್ಲೇ ಇತ್ತು. ಅದರಲ್ಲಿ ಕೂರಿಸುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಕಾರಣ ಇಡೀ ಓಣಿಗೇ ಗೊತ್ತಿತ್ತು.

*

ಹೋದ ವರ್ಷ ಆ ಕಾರು ಬಂದ ದಿನ ಅಪ್ಪ ಪೂಜೆಗೆಂದು ಸುತ್ತಿದ್ದ ಪೇಟದಲ್ಲೇ ಒಳಗೆ ಕೂರಲು ಹೋದರು. ಪೇಟ ಚಾವಣಿಗೆ ಬಡಿದು ಅಂಗಳಕ್ಕೆ ಉರುಳಿತು. ಓಣಿಯೆಲ್ಲ ನಕ್ಕಿತು. ಗುಂಡಿ ಒತ್ತಿದರೆ ಶುರುವಾಗುತ್ತದೆ, ತಂಪು ಗಾಳಿ ಬರುತ್ತದೆ, ಎಣ್ಣೆಯೂ ಕಡಿಮೆ ಸಾಕು ಎಂದು ಅವಳು ವಾದಕ್ಕೆ ನಿಂತಳು. ತಮ್ಮ ಹಳೇ ಕಾರಿನಲ್ಲಿ ಮುನ್ನೂರು ಜೋಡಿ ಮದುಮಕ್ಕಳು ಬಾಸಿಂಗ ಬಗ್ಗಿಸದೆ ಕೂತಿದ್ದಾರೆ ಎಂದು ಅಪ್ಪ ಮೀಸೆ ತಿರುವಿದರು.

“ಇದು ಕಾರಲ್ಲವ್ವಾ, ಬುತ್ತಿ ಡಬ್ಬಿ. ನನ್ನ ಗಾಡಿ ಇದರ ಹಿಂದ ಒಂದಿನಾನೂ ಬರಂಗಿಲ್ಲ, ನೋಡ್ತಿರು.”

*

ಕೊನೆಗೆ ಅವ್ವ ಗುರುಶಾಂತವ್ವನೇ ಕಣ್ಣೊರೆಸಿಕೊಂಡು ಹಗ್ಗ ತಂದಳು. ಡಬ್ಬಿಗೆ ಕಟ್ಟು ಅಂದಳು.

“ಅಪ್ಪ ಹಿಂದ ಬರಂಗಿಲ್ಲ ಅಂದಿದ್ದ, ಅವ್ವಾ,” ಎಂದಳು ದಾಕ್ಷಾಯಿಣಿ.

“ನಲವತ್ತು ವರ್ಷ ಆ ಗಾಡಿ ನೂಕೀನಿ ನಾ. ಇವತ್ತೊಂದಿನ ಎಳಸ್ಕೊಂಡ್ರ ಅವರ ಗಂಟೇನೂ ಹೋಗಂಗಿಲ್ಲ.”

ಅಳುತ್ತಿದ್ದವರೂ ನಕ್ಕುಬಿಟ್ಟರು. ಅವ್ವ ಅಪ್ಪನ ಪಕ್ಕ ಕೂತಳು, ಶರಣ ಸ್ಟೀರಿಂಗ್ ಹಿಡಿದ, ಭಜನೆಯವರು ಹಿಂದೆ ಹೊರಟರು. ಹೆರಿಗೆ ಆಸ್ಪತ್ರೆಯಿಂದ ತಮ್ಮನ್ನು ಮನೆಗೆ ತಂದದ್ದು ಇದೇ ಕಾರು ಎಂದು ಅವರಲ್ಲೇ ಮೂವರು ಹೇಳಿಕೊಂಡರು. ಮುಂದೆ ಬಿಳಿ ಕಾರು ನಡೆಸುತ್ತಿದ್ದ ದಾಕ್ಷಾಯಿಣಿಗೆ ಮಾತ್ರ ಮನಸ್ಸು ಚುರುಕ್ ಅನ್ನುತ್ತಿತ್ತು. ಅಪ್ಪನನ್ನು ಸೋಲಿಸಿ ಕಳಿಸುತ್ತಿದ್ದೇನೆ ಅನ್ನಿಸಿತು.

ಇಳಿಜಾರು ಬಂತು. ಉರುಳುವ ರಭಸಕ್ಕೆ ಎಂಜಿನ್ ಹಿಡಿದೀತೆಂದು ಶರಣ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಹಳೇ ಕಾರು ಹಾರಿಬಿದ್ದು, ಮೋಡದಷ್ಟು ಹೊಗೆ ಉಗುಳಿ ಗುಡುಗಿತು. ಹಗ್ಗ ಸಡಿಲಾಗಿ ರಸ್ತೆಗೆ ಜೋತುಬಿತ್ತು. ಹಿಂದಿನಿಂದ ಪೋಂ ಪೋಂ ಎಂದು ಹಾರ್ನ್ ಕೇಳಿಸಿತು.

ದಾಕ್ಷಾಯಿಣಿ ಪಕ್ಕಕ್ಕೆ ನಿಲ್ಲಿಸಿ, ಅಳುತ್ತ ನಗುತ್ತ ಹಗ್ಗ ಬಿಚ್ಚಿ ದಾರಿ ಬಿಟ್ಟಳು. ಆಮೇಲೆ ಹೊಲದವರೆಗೂ ಡಬ್ಬಿಯೇ ಹಿಂದೆ. ಅವಳ ಕಣ್ಣೆದುರು, ಹಳೇ ಕಾರಿನ ಹಿಂದಿನ ಗಾಜಿನಲ್ಲಿ, ಚಾವಣಿಗೆ ನಾಲ್ಕು ಬೆರಳು ಜಾಗ ಬಿಟ್ಟು, ಹಳದಿ ಪೇಟ ರಸ್ತೆಯ ಪ್ರತಿ ಗುಂಡಿಗೂ ತಲೆದೂಗುತ್ತಿತ್ತು.